ಹೊರಗೆ ಹಸಿರು, ಒಳಗೆ ಕೆಂಪು: ನಮ್ಮ ಅಜೈಲ್ ತಂಡಗಳು ಮುಚ್ಚಿಡುವ ಸುದ್ದಿ

ರಾತ್ರಿ ಎಂಟೂವರೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟದ ತಟ್ಟೆ ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗ್ಗೆ ಎಂಟು. ಸ್ಟ್ಯಾಂಡಪ್ ಶುರುವಾಗುತ್ತದೆ. ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸುತ್ತಾ ಹೋಗುವ ಅಜೈಲ್ ಪದ್ಧತಿಯಲ್ಲಿ ತಂಡ ದಿನವೂ ಸೇರುವ ಪುಟ್ಟ ಸಭೆ ಇದು. ಹೆಸರಿಗೆ ನಿಂತು ಮಾಡುವ ಮೀಟಿಂಗು, ಎಲ್ಲರೂ ಕೂತೇ ಇರುತ್ತಾರೆ, ಕ್ಯಾಮೆರಾ ಆಫ್. ಒಬ್ಬೊಬ್ಬರಾಗಿ ಅದೇ ಮೂರು ವಾಕ್ಯ ಒಪ್ಪಿಸುತ್ತಾರೆ. ನಿನ್ನೆ ಇದನ್ನು ಮಾಡಿದೆ, ಇವತ್ತು ಇದನ್ನೇ ಮುಂದುವರಿಸುತ್ತೇನೆ, ನೋ ಬ್ಲಾಕರ್ಸ್ (ಕೆಲಸಕ್ಕೆ ಅಡ್ಡಿ ಏನೂ ಇಲ್ಲ). ನವೆಂಬರ್ ಬಂದಾಗ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಮೀಟಿಂಗು ತಾನಾಗಿ ಒಂಬತ್ತೂವರೆಗೆ ಜರುಗುತ್ತದೆ. ಅದಕ್ಕೂ ಯಾರೂ ತುಟಿ ಬಿಚ್ಚುವುದಿಲ್ಲ.

‘ನೋ ಬ್ಲಾಕರ್ಸ್’ ಅಂದ ಎಂಟು ಜನರಲ್ಲಿ ಇಬ್ಬರಾದರೂ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ. ಒಬ್ಬನಿಗೆ ಬೇರೆ ತಂಡದಿಂದ ಬರಬೇಕಾದ ಎಪಿಐ (ಎರಡು ಸಾಫ್ಟ್‌ವೇರುಗಳನ್ನು ಜೋಡಿಸುವ ಕೊಂಡಿ) ಬಂದಿಲ್ಲ. ಇನ್ನೊಬ್ಬಳಿಗೆ ತನ್ನ ಟಿಕೆಟ್ಟಿನಲ್ಲಿ, ಅಂದರೆ ಕೆಲಸದ ಚೀಟಿಯಲ್ಲಿ, ಏನು ಬರೆದಿದ್ದಾರೆ ಅನ್ನುವುದೇ ಅರ್ಥವಾಗಿಲ್ಲ, ಆದರೆ ಮೂರು ದಿನವಾದ ಮೇಲೆ ಕೇಳುವುದು ಹೇಗೆ? ಮೀಟಿಂಗ್ ಮುಗಿಯುತ್ತದೆ. ಕೆಲಸದ ಲೆಕ್ಕ ಇಡುವ ಜಿರಾ ಸಾಫ್ಟ್‌ವೇರಿನಲ್ಲಿ ಎಲ್ಲವೂ ಹಸಿರು. ರಿಲೀಸಿಗೆ ನಾಲ್ಕು ದಿನ ಇದೆ ಅನ್ನುವಾಗ ಒಮ್ಮೆಲೇ ಎಲ್ಲವೂ ಕೆಂಪಾಗುತ್ತದೆ. ಐಟಿಯವರು ಇದಕ್ಕೆ ವಾಟರ್‌ಮೆಲನ್ ಪ್ರಾಜೆಕ್ಟ್ ಅನ್ನುತ್ತಾರೆ. ಕಲ್ಲಂಗಡಿ ಹಣ್ಣು. ಕೊಯ್ಯುವ ತನಕ ಹೊರಗಿನ ಹಸಿರು ಮಾತ್ರ ಕಾಣುತ್ತದೆ.

ಈಗ ಎಲ್ಲಿ ನೋಡಿದರೂ ‘ಅಜೈಲ್ ಸತ್ತುಹೋಯಿತು’ ಅನ್ನುವ ಮಾತು. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಅಜೈಲ್ ಹುದ್ದೆಗಳ ವಿಭಾಗವನ್ನೇ ಮುಚ್ಚಿ 1,100ಕ್ಕೂ ಹೆಚ್ಚು ಹುದ್ದೆ ತೆಗೆದುಹಾಕಿತು. ಅದಾದ ಮೇಲೆ ಈ ಮಾತು ಇನ್ನೂ ಜೋರಾಯಿತು. ನನ್ನ ಅಭಿಪ್ರಾಯ ಬೇರೆ. ಸಾಯಬೇಕಾದರೆ ಮೊದಲು ಹುಟ್ಟಿರಬೇಕಲ್ವಾ? ಅಜೈಲ್ ಅಂದರೆ ಕೆಟ್ಟ ಸುದ್ದಿಯನ್ನು ಬೇಗ ಹೊರಗೆ ತರುವ ಏರ್ಪಾಡು. ಕೆಟ್ಟ ಸುದ್ದಿ ತಂದವರನ್ನು ಬಯ್ಯುವ ಜಾಗದಲ್ಲಿ ಅದೇ ಏರ್ಪಾಡು ಸುದ್ದಿ ಮುಚ್ಚಿಡುವ ಯಂತ್ರವಾಗುತ್ತದೆ. ನಮ್ಮಲ್ಲಿ ಬಹಳ ಕಡೆ ಆಗಿರುವುದು ಇದೇ.

ಹಿಂದಿನ ಕತೆ ಚುಟುಕಾಗಿ ಹೇಳುತ್ತೇನೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದ ರೆಸಾರ್ಟಿನಲ್ಲಿ 17 ಜನ ಸಾಫ್ಟ್‌ವೇರ್ ತಜ್ಞರು ಸೇರಿದರು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ವಾರ್ಡ್ ಕನ್ನಿಂಗ್‌ಹ್ಯಾಮ್, ಕೆನ್ ಶ್ವಾಬರ್, ಜೆಫ್ ಸದರ್‌ಲ್ಯಾಂಡ್ ಮುಂತಾದವರು. ಅಜೈಲ್‌ನ ನಾಲ್ಕು ಮೌಲ್ಯಗಳನ್ನು ಬರೆದರು, ಆಮೇಲೆ ಹನ್ನೆರಡು ತತ್ವಗಳು ಸೇರಿದವು. ಅದರಲ್ಲಿ ಜಿರಾ ಇಲ್ಲ, ಕೆಲಸದ ಗಾತ್ರಕ್ಕೆ ಅಂಕ ಕೊಡುವ ಸ್ಟೋರಿ ಪಾಯಿಂಟ್ ಇಲ್ಲ, ಸ್ಕ್ರಮ್ ಎಂಬ ಅಜೈಲ್ ವಿಧಾನ ನಡೆಸಿಕೊಡುವ ಸ್ಕ್ರಮ್ ಮಾಸ್ಟರ್ ಸರ್ಟಿಫಿಕೇಟೂ ಇಲ್ಲ. ಎಲ್ಲವನ್ನೂ ಮೊದಲೇ ಬರೆದುಕೊಂಡು, ಕೊನೆಯಲ್ಲಿ ಒಂದೇ ಸಲ ಪರೀಕ್ಷಿಸುವ ವಾಟರ್‌ಫಾಲ್ ಪದ್ಧತಿಯಿಂದ ಅವರು ಬೇಸತ್ತಿದ್ದರು. ತಮಾಷೆಯೆಂದರೆ, ಆ ಪದ್ಧತಿಯ ಚಿತ್ರವನ್ನು 1970ರಲ್ಲೇ ತನ್ನ ಪ್ರಬಂಧದಲ್ಲಿ ಬರೆದ ವಿನ್‌ಸ್ಟನ್ ರಾಯ್ಸ್, ಹೀಗೇ ಮಾಡಿದರೆ ಅಪಾಯ ಅಂತ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಜನ ಚಿತ್ರ ನೋಡಿದರು, ಕೆಳಗಿನ ಸಾಲು ಓದಲಿಲ್ಲ.

ಅಜೈಲ್‌ನ ಒಂದೊಂದು ಆಚರಣೆಯನ್ನೂ ಬಿಡಿಸಿ ನೋಡಿ. ಎರಡು ವಾರಕ್ಕೊಮ್ಮೆ, ಓಡಿಸಿ ನೋಡಬಹುದಾದ ಸಾಫ್ಟ್‌ವೇರನ್ನು ತೋರಿಸಬೇಕು, ಯಾಕೆ? ಆರು ತಿಂಗಳಾದ ಮೇಲೆ ಗ್ರಾಹಕ ‘ನಾನು ಕೇಳಿದ್ದು ಇದಲ್ಲ’ ಅನ್ನುವುದನ್ನು ಎರಡನೇ ವಾರದಲ್ಲೇ ಕೇಳಿಸಿಕೊಳ್ಳಲು. ದಿನಕ್ಕೆ ಹದಿನೈದು ನಿಮಿಷ ಯಾಕೆ ಸೇರಬೇಕು? ಒಬ್ಬರು ಸಿಕ್ಕಿಕೊಂಡಿದ್ದರೆ ಇನ್ನೊಬ್ಬರು ಕೈ ಜೋಡಿಸಲು. ಟೊಯೊಟಾ ಕಾರ್ಖಾನೆಯಲ್ಲಿ ಆಂಡನ್ ಎಂಬ ಹಗ್ಗ ಇರುತ್ತದೆ. ದೋಷ ಕಂಡ ಕೆಲಸಗಾರ ಅದನ್ನು ಎಳೆಯುತ್ತಾನೆ, ಮೇಲ್ವಿಚಾರಕ ಓಡಿ ಬರುತ್ತಾನೆ, ಅಷ್ಟರಲ್ಲಿ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಸ್ಟ್ಯಾಂಡಪ್ ನಮ್ಮ ಹಗ್ಗ. ಎಳೆದವನಿಗೆ ‘ಯಾಕಪ್ಪಾ ಎಳೆದೆ’ ಅಂತ ಗದರಿದರೆ ಹಗ್ಗ ಅಲ್ಲೇ ನೇತಾಡುತ್ತಿರುತ್ತದೆ, ದೋಷದ ಕಾರು ಮುಂದೆ ಹೋಗುತ್ತದೆ.

ಸ್ಟ್ಯಾಂಡಪ್ಪಿನಲ್ಲಿ ಒಪ್ಪಿಸುವ ಆ ಮೂರು ವಾಕ್ಯಗಳು ಉತ್ತರಿಸುವ ಮೂರು ಪ್ರಶ್ನೆಗಳನ್ನು ಸ್ಕ್ರಮ್ ವಿಧಾನದ ಕೈಪಿಡಿ ಸ್ಕ್ರಮ್ ಗೈಡಿನ 2020ರ ಆವೃತ್ತಿಯಿಂದಲೇ ತೆಗೆದುಹಾಕಿದ್ದಾರೆ. ನಾವು ಇನ್ನೂ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದೇವೆ.

ನಮ್ಮ ಊರಿಗೆ ಬರೋಣ. ಅಜೈಲ್ ಬೆಂಗಳೂರಿಗೆ ಬರುವ ಮೊದಲು ಇಲ್ಲಿ ಇನ್ನೊಂದು ಸಂಸ್ಕೃತಿ ಬೇರು ಬಿಟ್ಟಿತ್ತು. 1990ರ ದಶಕದಲ್ಲಿ ಮೊಟೊರೊಲಾದ ಬೆಂಗಳೂರು ಘಟಕ, ಸಾಫ್ಟ್‌ವೇರ್ ಕೆಲಸದ ಶಿಸ್ತನ್ನು ಅಳೆಯುವ ಸಿಎಂಎಂ ಎಂಬ ಮಾನದಂಡದಲ್ಲಿ ಎಲ್ಲಕ್ಕಿಂತ ಮೇಲಿನ 5ನೇ ಹಂತ ತಲುಪಿತು. ಹಿಂದೆಯೇ ನಮ್ಮ ದೊಡ್ಡ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು. ಪ್ರತಿ ಹೆಜ್ಜೆಗೂ ದಾಖಲೆ, ಪ್ರತಿ ದಾಖಲೆಗೂ ಸಹಿ. ಇದನ್ನು ಹಂಗಿಸುವುದು ಸುಲಭ, ಆದರೆ ಅದಕ್ಕೂ ಕಾರಣ ಇತ್ತು. ಸಾವಿರಾರು ಮೈಲಿ ದೂರದ ಗ್ರಾಹಕ ನಮ್ಮನ್ನು ನಂಬಬೇಕಾದರೆ ಏನಾದರೂ ಪುರಾವೆ ಬೇಕಿತ್ತು. ಆ ಪುರಾವೆಯ ಅಭ್ಯಾಸವೇ ಮುಂದೆ ಅಜೈಲ್‌ನೊಳಗೂ ನುಸುಳಿತು. ಸ್ಟ್ಯಾಂಡಪ್ ಅನ್ನುವುದು ವರದಿ ಒಪ್ಪಿಸುವ ಸಭೆಯಾಯಿತು, ಉಳಿದ ಕೆಲಸ ಎಷ್ಟು ಅಂತ ತೋರಿಸುವ ಬರ್ನ್‌ಡೌನ್ ಚಾರ್ಟ್ ಹಾಜರಿ ಪುಸ್ತಕವಾಯಿತು.

2001ರಲ್ಲೇ ಥಾಟ್‌ವರ್ಕ್ಸ್ ಕಂಪನಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಸ್ನೋಬರ್ಡಿಗೆ ಹೋಗಿದ್ದ ಮಾರ್ಟಿನ್ ಫೌಲರ್ ಅದೇ ಕಂಪನಿಯವರು. ದೂರದ ಎರಡು ಊರುಗಳ ನಡುವೆ ಅಜೈಲ್ ನಡೆಸುವುದು ಹೇಗೆ ಅಂತ ಬೆಂಗಳೂರಿನ ಅನುಭವದಿಂದಲೇ ಅವರು ಒಂದು ಉದ್ದದ ಲೇಖನ ಬರೆದರು. ಎರಡೂ ಕಡೆಯವರು ಕೆಲವು ತಿಂಗಳು ಆಚೆ ಈಚೆ ಹೋಗಿ ಇದ್ದು ಬರಬೇಕು, ಕೋಡನ್ನು ದಿನವೂ ಒಟ್ಟುಗೂಡಿಸುತ್ತಿರಬೇಕು ಅನ್ನುವಂಥ ಸಲಹೆಗಳು ಅದರಲ್ಲಿವೆ. ನನಗೆ ನಾಟಿದ್ದು ಇನ್ನೊಂದು ಮಾತು. ಮೇಲಿನವರ ಮಾತಿಗೆ ತಲೆಬಾಗುವ ವಾತಾವರಣದಲ್ಲಿ ಬೆಳೆದವರು ಪ್ರಶ್ನೆ ಕೇಳಲು, ಸಮಸ್ಯೆ ಇದೆ ಅನ್ನಲು, ಈ ಗಡುವಿನಲ್ಲಿ ಆಗುವುದಿಲ್ಲ ಅಂತ ಎಚ್ಚರಿಸಲು ಹಿಂಜರಿಯುತ್ತಾರೆ, ಆ ಬದಲಾವಣೆ ಆಗಲು ಸಮಯ ಹಿಡಿಯುತ್ತದೆ ಅಂತ ಅವರು ಬರೆದಿದ್ದರು. ಹೊರಗಿನವರು ಹೀಗೆ ಹೇಳಿದಾಗ ಸ್ವಲ್ಪ ಚುಚ್ಚುತ್ತದೆ. ಆದರೂ ಸುಳ್ಳು ಅನ್ನಲು ಬಾಯಿ ಬರುವುದಿಲ್ಲ.

ನಮ್ಮ ಮಾತಿನಲ್ಲೇ ನೋಡಿ. ‘ಶುಕ್ರವಾರದೊಳಗೆ ಆಗುತ್ತಾ?’ ಅಂತ ಕೇಳಿದರೆ ಉತ್ತರ: ‘ನೋಡೋಣ ಸರ್.’ ಕನ್ನಡ ಬಲ್ಲವರಿಗೆ ಇದು ‘ಆಗಲ್ಲ’ ಅಂತ ತಕ್ಷಣ ಗೊತ್ತಾಗುತ್ತದೆ. ‘ಟ್ರೈ ಮಾಡ್ತೀನಿ’ ಅಂದರೂ ಹೆಚ್ಚುಕಡಿಮೆ ಅದೇ. ದೊಡ್ಡವರ ಮುಖಕ್ಕೆ ‘ಆಗಲ್ಲ’ ಅನ್ನಬಾರದು ಅಂತ ನಾವು ಕಲಿತದ್ದು ಮನೆಯಲ್ಲಿ, ಶಾಲೆಯಲ್ಲಿ. ಆ ಮರ್ಯಾದೆ ತಪ್ಪೇನೂ ಅಲ್ಲ. ಆದರೆ ಅದೇ ‘ನೋಡೋಣ’ ಇಂಗ್ಲಿಷಿಗೆ ತಿರುಗಿ ಸಮುದ್ರ ದಾಟುವ ಹೊತ್ತಿಗೆ ‘ಆಗುತ್ತದೆ’ ಆಗಿರುತ್ತದೆ. ಆಚೆ ಕಡೆಯವರು ಶುಕ್ರವಾರದ ತಾರೀಖನ್ನು ತಮ್ಮ ಗ್ರಾಹಕರಿಗೆ ಕೊಟ್ಟಾಗಿರುತ್ತದೆ. ಇನ್ನು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಇದೆಯಲ್ಲ, ಬಿಎಂಟಿಸಿ ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂರುವುದಕ್ಕೆ ಅದು ಒಳ್ಳೆಯ ಮಾತು. ಸ್ಪ್ರಿಂಟಿನ, ಅಂದರೆ ಆ ಎರಡು ವಾರದ ಸುತ್ತಿನ, ಮಧ್ಯದಲ್ಲಿ ಹೊಸ ಕೆಲಸ ತುರುಕಲು ಅದನ್ನೇ ಬಳಸಿದರೆ ಕೊನೆಗೆ ಬೀಳುವುದು ಟೆಸ್ಟಿಂಗು.

ಬಾಯಿ ಬಿಟ್ಟವರ ಗತಿಯನ್ನೂ ಜನ ನೋಡಿರುತ್ತಾರೆ. ಸ್ಪ್ರಿಂಟ್ ಮುಗಿದ ಮೇಲೆ ಹಿಂದಿರುಗಿ ನೋಡುವ ರೆಟ್ರೊ ಸಭೆಯಲ್ಲಿ ‘ಬಿಲ್ಡ್ ತುಂಬಾ ನಿಧಾನ’ ಅಂದರೆ ‘ಸರಿ, ನೀನೇ ಸರಿ ಮಾಡು’ ಅಂತ ಅವನ ತಲೆಗೇ ಕಟ್ಟುತ್ತಾರೆ. ಹಳೇ ಕೆಲಸ ಒಂದೂ ಕಡಿಮೆಯಾಗುವುದಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಆಯಿತಲ್ಲ ಅಂತ ಮುಂದಿನ ರೆಟ್ರೊದಲ್ಲಿ ಅವನು ‘ಎಲ್ಲ ಚೆನ್ನಾಗಿದೆ’ ಅನ್ನುತ್ತಾನೆ. ಅವನನ್ನು ನೋಡಿದ ಉಳಿದವರೂ ಅದನ್ನೇ ಅನ್ನುತ್ತಾರೆ.

ಇನ್ನು ಅಂಕಿಗಳ ಆಟ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಎರಡು ತಂಡಗಳ ವೆಲಾಸಿಟಿಯನ್ನು (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಸ್ಟೋರಿ ಪಾಯಿಂಟುಗಳ ಮೊತ್ತವನ್ನು) ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕ ಹಾಕಿ ತೋರಿಸಿದರು. ನಮ್ಮದು ಕಡಿಮೆ ಇತ್ತು. ಮುಂದಿನ ಸ್ಪ್ರಿಂಟಿನಿಂದ 3 ಪಾಯಿಂಟಿನ ಕೆಲಸಕ್ಕೆ ನಾವು 5 ಹಾಕತೊಡಗಿದೆವು. ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಅದು ಹಾಗೇ ಆಯಿತು. ಎರಡು ತಿಂಗಳಲ್ಲಿ ನಮ್ಮ ಗ್ರಾಫ್ ಮೇಲೇರಿತು, ಶಹಬ್ಬಾಸ್ ಅಂತ ಮೇಲ್ ಬಂತು. ಕೆಲಸ ಮೊದಲಿನಷ್ಟೇ ಆಗುತ್ತಿತ್ತು. ಸ್ನೋಬರ್ಡಿನ ಹದಿನೇಳು ಜನರಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟನ್ನು ಹುಟ್ಟುಹಾಕಿದ್ದು ಬಹುಶಃ ತಾನೇ, ಹಾಗಿದ್ದರೆ ಈಗ ಅದಕ್ಕೆ ವಿಷಾದವಿದೆ ಅಂತ ಬರೆದುಕೊಂಡಿದ್ದಾರೆ. ಆ ಮೇಲ್ ನೆನಪಾದಾಗೆಲ್ಲ ನನಗೆ ಜೆಫ್ರೀಸ್ ನೆನಪಾಗುತ್ತಾರೆ.

ಅಂದಾಜನ್ನು ಮಾತು ಕೊಟ್ಟಂತೆ ಹಿಡಿಯುವುದು ಇದರದ್ದೇ ಇನ್ನೊಂದು ಮುಖ. ತಂಡ ಇಷ್ಟು ಕೆಲಸಕ್ಕೆ ‘ಕಮಿಟ್’ ಆಗುತ್ತದೆ ಅನ್ನುವ ಮಾತನ್ನು ಸ್ಕ್ರಮ್ ಗೈಡ್ 2011ರಲ್ಲೇ ‘ಅಂದಾಜು ಮಾಡುತ್ತದೆ’ ಅಂತ ಬದಲಿಸಿತು. ಮಳೆ ಬರಬಹುದು ಅಂದ ಹವಾಮಾನ ಇಲಾಖೆಯನ್ನು ಮಳೆ ಬರದಿದ್ದರೆ ನಾವು ಗೇಲಿ ಮಾಡುತ್ತೇವೆ, ಸರಿ. ಆದರೆ ಮಾತಿಗೆ ತಪ್ಪಿದರು ಅಂತ ಅವರ ಅಪ್ರೈಸಲ್ ಕೆಡಿಸುವುದಿಲ್ಲವಲ್ಲ.

ತಂಡದ ಆರೋಗ್ಯ ಅಂದಾಗ ನನಗೆ ಮೊದಲು ಹೊಳೆಯುವುದು ಒಂದು ಆಸ್ಪತ್ರೆಯ ಅಧ್ಯಯನ. 1990ರ ದಶಕದ ಆರಂಭದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಹಾರ್ವರ್ಡ್ ವಿದ್ಯಾರ್ಥಿನಿ ನರ್ಸುಗಳ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅನ್ನುವುದು ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು. ಹೊಂದಾಣಿಕೆ ಚೆನ್ನಾಗಿದ್ದ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ಬಿಡಿಸಿ ನೋಡಿದಾಗ ಗೊತ್ತಾಯಿತು: ಅವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ತಂಡದವರು ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ನೋಡಿ ಬರೆದ ಪ್ರಬಂಧ, ಹೆದರಿಕೆಯಿಲ್ಲದೆ ಮಾತಾಡಬಹುದು ಎಂಬ ಈ ನಂಬಿಕೆಗೆ ‘ಸೈಕಲಾಜಿಕಲ್ ಸೇಫ್ಟಿ’ ಅನ್ನುವ ಹೆಸರನ್ನು ಪ್ರಚಾರಕ್ಕೆ ತಂತು. ಮುಂದೆ ಗೂಗಲ್ ತನ್ನ 180 ತಂಡಗಳನ್ನು ಪರೀಕ್ಷಿಸಿದಾಗಲೂ, ತಂಡದಲ್ಲಿ ಯಾರಿದ್ದಾರೆ ಅನ್ನುವುದಕ್ಕಿಂತ ಹೇಗೆ ಮಾತಾಡಿಕೊಳ್ಳುತ್ತಾರೆ ಅನ್ನುವುದೇ ಮುಖ್ಯ ಅಂತ ಕಂಡಿತು. ಪಟ್ಟಿಯಲ್ಲಿ ಮೊದಲ ಸ್ಥಾನ ಇದೇ ನಂಬಿಕೆಗೆ.

ಹಾಗಾದರೆ ಬಗ್ ಸಂಖ್ಯೆ ಕಡಿಮೆ ಇರುವ ತಂಡಕ್ಕೆ ಬಹುಮಾನ ಕೊಡುವ ಕಂಪನಿ ನಿಜವಾಗಿ ಯಾರಿಗೆ ಬಹುಮಾನ ಕೊಡುತ್ತಿದೆ? ಯೋಚಿಸಿ ನೋಡಿ.

ಈಗ ಒಂದು ಅಪಘಾತದ ಕತೆ. 2017ರ ಜನವರಿ 31ರ ರಾತ್ರಿ. ಜನ ತಮ್ಮ ಕೋಡ್ ಇಟ್ಟುಕೊಳ್ಳುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ಡೇಟಾಬೇಸಿನ ತೊಂದರೆಯೊಂದನ್ನು ಸರಿಪಡಿಸುತ್ತಾ ತಡವಾಗಿ ಕೂತಿದ್ದಾರೆ. ನಕಲು ಸರ್ವರಿನಲ್ಲಿದ್ದೇನೆ ಅಂದುಕೊಂಡು ಒಂದು ಡೈರೆಕ್ಟರಿ ಅಳಿಸುವ ಆದೇಶ ಕೊಡುತ್ತಾರೆ. ಒಂದೆರಡು ಸೆಕೆಂಡಿನಲ್ಲಿ ಎದೆ ಧಸಕ್ ಅನ್ನುತ್ತದೆ. ಅದು ಅಸಲಿ ಸರ್ವರ್. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ನಿಮಿಷವೂ ಬೇಕಾಗಲಿಲ್ಲ.

ಬ್ಯಾಕಪ್ ಇದೆಯಲ್ಲ ಅಂತ ಹುಡುಕಿದರು. ದಿನವೂ ಆಗಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಸುಮ್ನೆ ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ತಿಳಿಸುವ ಇಮೇಲುಗಳು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೆಟ್ಟ ಸುದ್ದಿ ಇತ್ತು, ದಾರಿಯಲ್ಲೇ ಸತ್ತಿತ್ತು. ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ವ್ಯವಸ್ಥೆಯನ್ನು ಡೇಟಾಬೇಸ್ ಸರ್ವರುಗಳಿಗೆ ಹಾಕಿಯೇ ಇರಲಿಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಮೊದಲು ಯಾವುದೋ ಬೇರೆ ಕೆಲಸಕ್ಕೆ ಕೈಯಿಂದಲೇ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಅದನ್ನು ತೆಗೆದಿಟ್ಟವರು ಯಾರು ಗೊತ್ತಾ? ಅಳಿಸಿದ ಅದೇ ಎಂಜಿನಿಯರ್.

ಕಂಪನಿ ಮಾಡಿದ್ದು ಕುತೂಹಲದ ಸಂಗತಿ. ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿತು. ಯಾವಾಗ ಏನಾಯಿತು ಅಂತ ಬರೆದಿಡುತ್ತಿದ್ದ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟಿತು. ಸುಮಾರು 5,000 ಪ್ರಾಜೆಕ್ಟುಗಳು, 5,000 ಕಮೆಂಟುಗಳು, 700 ಹೊಸ ಖಾತೆಗಳ ಮಾಹಿತಿ ಹೋಯಿತು ಅಂತ ಒಪ್ಪಿಕೊಂಡಿತು. ಆಮೇಲೆ ಬಂದ ವಿವರವಾದ ವರದಿಯಲ್ಲಿ ಆ ಎಂಜಿನಿಯರ್ ಹೆಸರಿಲ್ಲ, ‘ತಂಡದ ಸದಸ್ಯ 1’ ಅಂತಷ್ಟೇ ಇದೆ. ಯಾರು ಅನ್ನುವುದರ ಬದಲು, ಇಂಥ ಆದೇಶ ಕೊಡಲು ಇಷ್ಟು ಸುಲಭ ಹೇಗಾಯಿತು, ಐದು ಥರದ ಬ್ಯಾಕಪ್ ಇದ್ದೂ ಒಂದೂ ನೆಟ್ಟಗೆ ಯಾಕೆ ಇರಲಿಲ್ಲ ಅಂತ ವರದಿ ಕೇಳುತ್ತದೆ. ಇದಕ್ಕೆ ‘ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್’ ಅನ್ನುತ್ತಾರೆ. 2012ರಲ್ಲಿ ಎಟ್ಸಿ ಕಂಪನಿಯ ಜಾನ್ ಆಲ್‌ಸ್ಪಾ ಬರೆದ ಮೇಲೆ ಈ ಮಾತು ಹರಡಿತು. ಇದರ ಹಿಂದೆ ಕರುಣೆಗಿಂತ ಲೆಕ್ಕಾಚಾರ ಜಾಸ್ತಿ. ಕೆಲಸ ಹೋಗುತ್ತದೆ ಅಂತ ಹೆದರಿದ ಮನುಷ್ಯ ತಾನು ಮಾಡಿದ್ದನ್ನು ಪೂರ್ತಿ ಹೇಳುವುದಿಲ್ಲ. ಪೂರ್ತಿ ಹೇಳದಿದ್ದರೆ ಆ ಇಮೇಲುಗಳ ವಿಷಯ ಗೊತ್ತಾಗುವುದು ಹೇಗೆ?

ಇನ್ನೊಂದು ಉದಾಹರಣೆ, ಸರ್ಕಾರದ್ದು. 2013ರ ಅಕ್ಟೋಬರ್ 1ರಂದು ಅಮೆರಿಕದ ಆರೋಗ್ಯ ವಿಮೆಯ ಜಾಲತಾಣ ಶುರುವಾಯಿತು. ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಆದದ್ದು ಆರೇ ಜನರಿಗೆ. ರಿಪೇರಿಗೆ ಬಂದ ತಂಡದ ಮುಂದಾಳು ಮೈಕಿ ಡಿಕರ್ಸನ್ ದಿನಕ್ಕೆ ಎರಡು ಸ್ಟ್ಯಾಂಡಪ್ ಇಟ್ಟರು. ಗೋಡೆಗೆ ಅಂಟಿಸಿದ ನಿಯಮಗಳಲ್ಲಿ ಒಂದು: ಮೀಟಿಂಗ್ ಇರುವುದು ಸಮಸ್ಯೆ ಬಿಡಿಸಲು, ತಪ್ಪು ಹೊರಿಸಲು ಬೇರೆ ಜಾಗ ಬೇಕಾದಷ್ಟಿವೆ. ಇನ್ನೊಂದು: ಯಾರಿಗೆ ವಿಷಯ ಹೆಚ್ಚು ಗೊತ್ತೋ ಅವರು ಮಾತಾಡಬೇಕು, ಯಾರ ಹುದ್ದೆ ದೊಡ್ಡದೋ ಅವರಲ್ಲ. ಅದೇ ಸ್ಟ್ಯಾಂಡಪ್, ನಾವು ಮಾಡುವ ಹದಿನೈದು ನಿಮಿಷದ್ದೇ ಜಾತಿಯದು. ಆ ಎರಡನೇ ನಿಯಮವನ್ನು ತೊಂದರೆ ಮೇಲಿನವರ ತನಕ ಹೋದಾಗ ನಡೆಯುವ ನಮ್ಮ ಎಸ್ಕಲೇಶನ್ ಕಾಲ್ ಒಂದರಲ್ಲಿ ಊಹಿಸಿಕೊಳ್ಳಲು ನಾನು ಒದ್ದಾಡಿದ್ದೇನೆ. ಅಲ್ಲಿ ಕೋಡ್ ಬರೆದವಳು ಮ್ಯೂಟಿನಲ್ಲಿರುತ್ತಾಳೆ. ಅವಳು ಚಾಟಿನಲ್ಲಿ ಟೈಪ್ ಮಾಡಿದ್ದನ್ನು ಮ್ಯಾನೇಜರ್ ಓದಿ ಹೇಳುತ್ತಾರೆ.

ತಂಡದ ಲೀಡ್ ಒಬ್ಬರಿಂದ ಏನಾಗುತ್ತದೆ ಅಂತ ಕೇಳಬಹುದು. ಸ್ವಲ್ಪ ಆಗುತ್ತದೆ. ಅಂದಾಜು ಹಾಕುವಾಗ ಇಸ್ಪೀಟಿನ ಎಲೆಗಳಂಥ ಕಾರ್ಡು ಬಳಸುವ ಪ್ಲಾನಿಂಗ್ ಪೋಕರ್ ಇದೆ. 2002ರಲ್ಲಿ ಜೇಮ್ಸ್ ಗ್ರೆನ್ನಿಂಗ್ ಶುರುಮಾಡಿದ್ದು. ಎಲ್ಲರೂ ಒಟ್ಟಿಗೆ ಕಾರ್ಡು ತಿರುಗಿಸುವುದರಿಂದ ಹಿರಿಯರ ಸಂಖ್ಯೆ ನೋಡಿ ಕಿರಿಯರು ತಮ್ಮದನ್ನು ಬದಲಿಸಲು ಆಗುವುದಿಲ್ಲ. ನಮ್ಮಲ್ಲಿ ಲೀಡ್ ಮೊದಲು ‘ಇದು ಐದು ಅನ್ಸುತ್ತೆ’ ಅಂದುಬಿಡುತ್ತಾರೆ, ಮಿಕ್ಕವರೆಲ್ಲ ‘ಐದು, ಐದು’. ಲೀಡ್ ಕೊನೆಯಲ್ಲಿ ಬಾಯಿ ತೆರೆದರೆ ಸಾಕು, ಖರ್ಚಿಲ್ಲದ ಬದಲಾವಣೆ. ತನಗೆ ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಅನ್ನುವುದು, ಕಳೆದ ವಾರ ತಾನು ಕೆಡಿಸಿದ್ದನ್ನು ತಾನೇ ಮೊದಲು ಹೇಳುವುದು, ರೆಟ್ರೊದಲ್ಲಿ ಬಂದ ಹತ್ತು ದೂರುಗಳಲ್ಲಿ ಒಂದನ್ನಾದರೂ ಮುಂದಿನ ಎರಡು ವಾರದಲ್ಲಿ ಸರಿಪಡಿಸಿ ತೋರಿಸುವುದು, ಇವೂ ಅಷ್ಟೇ. ಇದರರ್ಥ ಎಲ್ಲರನ್ನೂ ಮುದ್ದು ಮಾಡಿ ಅಂತಲ್ಲ. ಕೋಡ್ ರಿವ್ಯೂದಲ್ಲಿ ‘ಈ ಫಂಕ್ಷನ್ ಎರಡು ಕೆಲಸ ಮಾಡುತ್ತಿದೆ’ ಅನ್ನುವುದು ಕಟುವಾದರೂ ಆರೋಗ್ಯವಾದ ಮಾತು. ‘ಇಷ್ಟೂ ಗೊತ್ತಾಗಲ್ವಾ’ ಅನ್ನುವುದು ಬರೀ ಕಟು.

ಲೀಡ್ ಕೈಗೆ ಸಿಗದ ಸಂಗತಿಗಳೂ ಇವೆ. ತಾರೀಖು, ಹಣ, ಕೆಲಸದ ಪಟ್ಟಿ ಮೂರನ್ನೂ ಮೊದಲೇ ಗಂಟು ಹಾಕಿದ ಕರಾರಿನೊಳಗೆ ಕೂತು ‘ಬದಲಾವಣೆಗೆ ಸ್ವಾಗತ’ ಅಂದರೆ ಅದು ಬಾಯಿಮಾತು. ವರ್ಷದ ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಇಂತಿಷ್ಟು ಜನರಿಗೆ ಕಡಿಮೆ ಅಂಕ ಕೊಡಲೇಬೇಕು ಅನ್ನುವ ಪದ್ಧತಿ ಇದ್ದರೆ ಪಕ್ಕದವನಿಗೆ ಯಾರು ಸಹಾಯ ಮಾಡುತ್ತಾರೆ? ಮೈಕ್ರೋಸಾಫ್ಟ್ ಅದನ್ನು 2013ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಹೆಸರು ಬದಲಿಸಿಕೊಂಡು ಅಲ್ಲಲ್ಲಿ ಬದುಕಿದೆ. ಕೆಲಸದ ಗಂಟೆಗಳದ್ದೂ ಹಾಗೆಯೇ. ಅಜೈಲ್‌ನ ಎಂಟನೇ ತತ್ವ, ಎಷ್ಟು ಕಾಲ ಬೇಕಾದರೂ ಎಳೆಯಬಲ್ಲ ಒಂದೇ ಹದದ ವೇಗ ಇರಬೇಕು ಅನ್ನುತ್ತದೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದರು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ಸಂಘ ದಿನಕ್ಕೆ 14 ಗಂಟೆಯ ಪ್ರಸ್ತಾಪದ ವಿರುದ್ಧ ದನಿ ಎತ್ತಬೇಕಾಯಿತು. ನಿದ್ದೆಗೆಟ್ಟು ತಡರಾತ್ರಿ ಕೂತವರ ಕೈಯಲ್ಲಿ ಏನೇನು ಅಳಿಸಿಹೋಗಬಹುದು ಅನ್ನುವುದನ್ನು ಆಗಲೇ ನೋಡಿದೆವು.

ಕಳೆದ ನವೆಂಬರಿನಲ್ಲಿ ನಮ್ಮ ಮೀಟಿಂಗು ಎಂದಿನಂತೆ ಒಂಬತ್ತೂವರೆಗೆ ಜರುಗಿದಾಗ, ತಂಡಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿಯೊಬ್ಬಳು ಕೇಳಿದಳು: ‘ಪ್ರತಿ ಸಲ ನಾವೇ ಯಾಕೆ ರಾತ್ರಿ ಬರಬೇಕು?’ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಚೆ ಕಡೆಯ ಮ್ಯಾನೇಜರ್, ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಅಂದರು. ಈಗ ಒಂದು ವಾರ ಅವರ ಬೆಳಗ್ಗೆ, ಒಂದು ವಾರ ನಮ್ಮ ಬೆಳಗ್ಗೆ. ನಮ್ಮ ಒಂಬತ್ತು ಗಂಟೆಗೆ ಅವರಿಗೆ ರಾತ್ರಿ ಏಳೂವರೆ. ಹಿಂದಿನಿಂದ ಮಕ್ಕಳ ಗಲಾಟೆ ಕೇಳಿಸುತ್ತದೆ, ಈ ಸಲ ಅವರ ಕಡೆಯಿಂದ. ಹಾಗೆ ಬೆಳಗ್ಗೆ ಸೇರಿದ ಮೊದಲ ವಾರ ಮೂರು ಬ್ಲಾಕರ್ ಹೊರಗೆ ಬಂದವು. ಅದರಲ್ಲಿ ಒಂದು ಹನ್ನೊಂದು ದಿನ ಹಳೆಯದು.